ಮೂಳೆ ಅರೆದ ಸುಯುನ್

ಬಹಳ ಹಿಂದೆ, ಅಂದರೆ ರೈಲು ಆಗಷ್ಟೇ ಬಂದಿತ್ತು ಅಂತಿಟ್ಟುಕೊಳ್ಳಿ, ಚೀನಾದೇಶದ ಹಳದಿ ನದಿಯ ದಕ್ಷಿಣಕ್ಕೆ ಹೆನಾನ್ ಎಂಬ ಸೀಮೆಯಿತ್ತು. ನದಿಯಲ್ಲಿ ಕೆಸರರಾಯನೆಂಬ ಮಾಂತ್ರಿಕನಿದ್ದ. ಅವನಿಗೆ ಹಸಿವಾದರೆ ನದಿ ಉಕ್ಕುತ್ತಿತ್ತು, ಒಂದು ಊರು ಮಣ್ಣಡಿ ಹೋಗುತ್ತಿತ್ತು. ಜನರೋ, ಅಬ್ಬಾ, ಎಂಥ ಹಟಮಾರಿಗಳು! ಅದೇ ಮಣ್ಣಿನ ಮೇಲೆ ಮತ್ತೆ ಊರು ಕಟ್ಟುತ್ತಿದ್ದರು. ಹೀಗೆ ಊರಿನಡಿ ಊರು, ಅದರಡಿ ಇನ್ನೊಂದು ಊರು.

ಅಲ್ಲಿ ಸುಯುನ್ ಎಂಬ ವಿಧವೆ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಳು. ಉಳುವಾಗ ಸಿಕ್ಕ ಹಳೇ ಮೂಳೆಗಳನ್ನು ರೈತರು ತಂದುಕೊಡುತ್ತಿದ್ದರು. ಅವು ಡ್ರ್ಯಾಗನ್ ಮೂಳೆ, ಜ್ವರಕ್ಕೆ ಒಳ್ಳೆಯದು ಅಂತ ಎಲ್ಲರ ನಂಬಿಕೆ. ಮೂಳೆ ಮೇಲೆ ಗೀರುಗಳಿದ್ದರೆ ಗಿರಾಕಿಗಳು ಮೂಗು ಮುರಿಯುತ್ತಾರೆಂದು ಸುಯುನ್ ಅವನ್ನು ಕೆರೆದು, ಆಮೇಲೆ ಅರೆಯುತ್ತಿದ್ದಳು.

ಒಂದು ವರ್ಷ ನದಿ ಉಕ್ಕಿ ಅವಳ ಆರು ವರ್ಷದ ಮಗಳು ಯಿಂಗ್‌ಳನ್ನು ಸೆಳೆದೊಯ್ದಿತು. ಮುಳುಗಿದವರು ಸಾಯುವುದಿಲ್ಲ, ಮಣ್ಣಡಿಯ ಊರುಗಳಲ್ಲಿ ಕೆಸರರಾಯನ ಸೆರೆಯಲ್ಲಿರುತ್ತಾರೆ ಅಂತ ಜನ ಹೇಳುತ್ತಿದ್ದರು. ಸುಯುನ್ ಊರಾಚೆಯ ಆಳವಾದ ಪಾಳುಬಾವಿಗೆ ಹಗ್ಗ ಕಟ್ಟಿ ಇಳಿದೇಬಿಟ್ಟಳು.

ಮೊದಲು ಸಿಕ್ಕಿದ್ದು ವರ್ತಕರ ಪಟ್ಟಣ. ಬಾಗಿಲಲ್ಲಿ ಕಲ್ಲಿನ ಸಿಂಹ.

"ಸುಳ್ಳಾಡಿದರೆ ಮಣ್ಣಾಗ್ತೀಯ. ಮೇಲೆ ನಮ್ಮ ಪೇಟೆ ಇನ್ನೂ ಇದೆಯಾ?"

"ಇಲ್ಲಣ್ಣ. ಅಲ್ಲೀಗ ರೈಲು ಓಡುತ್ತೆ."

ಸಿಂಹ ಅತ್ತು ದಾರಿ ಬಿಟ್ಟಿತು.

ಅದರಡಿ ಕಂಚಿನ ಕಾಲದ ರಾಜಧಾನಿ. ಬಾಗಿಲಲ್ಲಿ ಕಂಚಿನ ಹುಲಿ.

"ಸುಳ್ಳಾಡಿದರೆ ಮಣ್ಣಾಗ್ತೀಯ. ನಮ್ಮ ಅರಸರು ಮೂಳೆ ಮೇಲೆ ಕೆತ್ತಿಸಿದ್ದನ್ನು ಈಗ ಯಾರು ಓದ್ತಾರೆ?"

ಸುಯುನ್ ತನ್ನ ಕೈ ನೋಡಿಕೊಂಡಳು. "ಅಯ್ಯೋ, ಅದು ಬರಹವೇ! ಗೊತ್ತಿರಲಿಲ್ಲ. ಈ ಕೈಯಿಂದಲೇ ಕೆರೆದೆ, ಅರೆದು ಜ್ವರಕ್ಕೆ ಕೊಟ್ಟೆ."

ಹುಲಿ ಅವಳ ಕೈ ಮೂಸಿತು. "ಜ್ವರ ಇಳಿಯಿತಾ?"

"ಕೆಲವರಿಗೆ ಇಳಿಯಿತು."

"ಹೋಗು. ಮಾಂತ್ರಿಕನ ಜೀವವೂ ಒಂದು ಮೂಳೆಯಲ್ಲಿದೆ. ಅದು ಪುಡಿಯಾದರೆ ಅವನು ಸಾಯ್ತಾನೆ. ಆದರೆ ಅವನು ಒಮ್ಮೆ ಹಿಡಿದವರೆಲ್ಲ, ನಾವೂ ಮುಳುಗಿದ ಮಕ್ಕಳೂ, ಎಲ್ಲಿದ್ದರೂ ಮಣ್ಣಾಗ್ತೇವೆ."

ಎಲ್ಲಕ್ಕಿಂತ ಕೆಳಗೆ, ರಾಜರೇ ಹುಟ್ಟದ ಕಾಲದ ಹಳ್ಳಿ. ಮಣ್ಣಿನ ಗುಡಿಸಲು, ನವಣೆ ಅರೆಯುವ ಕಲ್ಲು. ಕಲ್ಲಿನ ಪಕ್ಕ ಯಿಂಗ್ ಆಡುತ್ತಿದ್ದಳು!

"ಕರ್ಕೊಂಡು ಹೋಗಮ್ಮ," ಅಂದ ಅಲ್ಲೇ ಕೂತಿದ್ದ ಕೆಸರರಾಯ, ಮೆತ್ತಗೆ. ಅವನ ಜೀವದ ಮೂಳೆ ಅವನ ಮುಂದೆಯೇ ಬಿದ್ದಿತ್ತು. "ನಾನು ಇದನ್ನು ಬಚ್ಚಿಡೋದೇ ಇಲ್ಲ. ಇಲ್ಲಿಗೆ ಬಂದ ತಾಯಂದಿರೆಲ್ಲ ಮಕ್ಕಳನ್ನೇ ಎತ್ಕೊಂಡು ಹೋದರು. ಆಮೇಲೆ ನಾನು ಇನ್ನೊಂದು ಊರು ನುಂಗಿದೆ. ನೀನೂ ಹಾಗೇ ಮಾಡು."

ಆ ತಾಯಂದಿರನ್ನು ಬೈಯಬೇಡಿ. ನಾನಾಗಿದ್ದರೂ ಮಗುವನ್ನು ಎತ್ತಿಕೊಂಡು ಓಡುತ್ತಿದ್ದೆ. ಸುಯುನ್ ಕೂಡ ಎತ್ತಿಕೊಂಡಳು, ನಾಲ್ಕು ಹೆಜ್ಜೆ ಹಾಕಿದಳು. ಮೇಲಿನ ಊರಿನ ಮಕ್ಕಳ ಮುಖಗಳು ಒಂದೊಂದಾಗಿ ನೆನಪಾದವು. ಔಷಧ ಕುಡಿಯಲ್ಲ ಅಂತ ರಚ್ಚೆ ಹಿಡಿಯುತ್ತಿದ್ದ ಮಕ್ಕಳು. ಅವಳು ಹಿಂದಿರುಗಿ ಬಂದು ಆ ಮೂಳೆ ತೆಗೆದು ಕಲ್ಲಿನ ಮೇಲಿಟ್ಟಳು.

"ಹುಚ್ಚೀ! ನಿನ್ನ ಮಗಳು ಕಣೇ!" ಮಾಂತ್ರಿಕ ಕಿರುಚಿದ.

"ಅಮ್ಮಾ, ನಾನೂ ಅರೀಲಾ?" ಯಿಂಗ್ ಕೇಳಿದಳು.

"ಬಾ ಕಂದ. ಬೆರಳು ಜೋಪಾನ."

ಇಬ್ಬರೂ ಅರೆದರು. ಮೊದಲು ಮಾಂತ್ರಿಕನ ಕಿರುಚಾಟ ನಿಂತಿತು. ಆಮೇಲೆ ಸುಯುನ್‌ಳ ಕೈಮೇಲಿದ್ದ ಪುಟ್ಟ ಕೈ ತಣ್ಣಗಾಯಿತು, ಒದ್ದೆ ಮಣ್ಣಾಗಿ ಜಾರಿತು. ಕಲ್ಲಿನ ಮೇಲೆ ತಲೆಯಿಟ್ಟು ಅವಳು ಅತ್ತಳು. ಎಷ್ಟು ಅತ್ತಳೆಂದು ಹೇಳಲು ನನ್ನಿಂದಾಗದು. ಆಮೇಲೆ ಹಗ್ಗ ಹಿಡಿದು ಒಬ್ಬಳೇ ಮೇಲೆ ಬಂದಳು.

ಅಂದಿನಿಂದ ನದಿ ತನ್ನ ಪಾತ್ರದಲ್ಲೇ ಹರಿಯಿತು. ಗೋಧಿ ಚೆನ್ನಾಗಿ ಬೆಳೆಯಿತು, ಊರ ಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ಎಲ್ಲರೂ ಸುಖವಾಗಿ ಬಾಳಿದರು. ಸುಯುನ್‌ಗೆ ತಲೆ ನರೆಯಿತು, ಬೆನ್ನು ಬಾಗಿತು. ಮಕ್ಕಳೆಷ್ಟಮ್ಮ ಅಂತ ಹೊಸಬರು ಕೇಳಿದರೆ ಆಗಲೂ ಹೇಳುತ್ತಿದ್ದಳು, "ಒಬ್ಬಳೇ ಮಗಳು. ಆರು ವರ್ಷ."