ಮುಲಾಮು ಹಚ್ಚಿದ ಕೊಂಬೆ

“ಕಳುವಲ್ಲರಿ ಮೇಡಂ. ಏನೂ ಒಯ್ದಿಲ್ಲ, ತಂದು ಇಟ್ಟು ಹೋಗ್ಯಾರ.”

“ಏನು ಇಟ್ಟಾರ?”

“ಜಡ್ಡು.”

ಅಫಜಲಪುರ ಠಾಣೆಯ ಪಿಎಸ್‌ಐ ಮಧುಮತಿ ತಲೆ ಎತ್ತಿದರು. ಎದುರಿಗೆ ನಿಂತವನು ಕರಜಗಿಯ ದಾಳಿಂಬೆ ಬೆಳೆಗಾರ ಅನೀಲಕುಮಾರ. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದೊಳಗೆ ಗೇಣುದ್ದದ ದಾಳಿಂಬೆ ಕಡ್ಡಿ. ಎಲೆಗಳ ಮೇಲೆ ಎಣ್ಣೆ ಸಿಡಿದಂಥ ಕಪ್ಪು ಚುಕ್ಕೆಗಳು. ಸರಕಾರಿ ಕಾಗದದಲ್ಲಿ ಇದಕ್ಕೆ ದುಂಡಾಣು ಅಂಗಮಾರಿ ಎಂದು ಹೆಸರು, ಬೆಳೆಗಾರರ ಬಾಯಲ್ಲಿ ತೇಲ್ಯಾ. ಮೋಡ ಕವಿದು ಮಳೆ ಜಿನುಗಿದರೆ ಸಾಕು, ಹನಿಯಿಂದ ಹನಿಗೆ ಹಬ್ಬಿ ಕಾಯಿ ಸೀಳುತ್ತದೆ.

“ನಂದು ಆರುನೂರು ಗಿಡ ಅದಾವ್ರಿ. ಕಾಯಿ ಈಗ ಲಿಂಬಿಕಾಯಿಯಷ್ಟು ಆಗ್ಯಾವ. ಮಳಿ ನೋಡಿದ್ರ ನಿಲ್ಲವಲ್ದು. ಇದು ಒಳಗ ಇಳೀತಂದ್ರ ತೋಟ ಹೋದಂಗ.”

2024ರ ಸೆಪ್ಟೆಂಬರ್ 11, ಬುಧವಾರ, ಬೆಳಿಗ್ಗೆ 9.40ಕ್ಕೆ ಅತಿಕ್ರಮ ಪ್ರವೇಶ ಮತ್ತು ಬೆಳೆಹಾನಿಯ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಮಸೂದ ಜೀಪು ಹತ್ತುತ್ತ, “ಇಪ್ಪತ್ತೆರಡು ವರ್ಷದ ನೌಕರಿಯಾಗ ಎಲಿ ಜಪ್ತಿ ಮಾಡಾಕ ಹೊಂಟಿದ್ದು ಇದ ಮೊದಲರಿ” ಎಂದ.

ಪಂಚನಾಮೆ 11.30ಕ್ಕೆ ಶುರುವಾಯಿತು. ತೋಟಗಾರಿಕೆ ಇಲಾಖೆಯ ಸುನಿತಾ ಆಗಲೇ ಬಂದಿದ್ದರು. ಹವಾಮಾನ ನೋಡಿ, ಯಾವ ಕೀಟ ಬರಬಹುದು, ಯಾವ ಮದ್ದು ಹೊಡೆಯಬೇಕು ಎಂದು ಬೆಳೆಗಾರರ ಮೊಬೈಲಿಗೆ ವಾರ ವಾರ ಧ್ವನಿ ಸಂದೇಶ ಕಳಿಸುವವರು ಅವರೇ. ಬೇಲಿಯ ಪಕ್ಕದ ಸಾಲಿನಲ್ಲಿ ಹದಿನಾಲ್ಕು ಗಿಡ, ಒಂದೊಂದರ ಕವಲಿಗೂ ಒಂದೊಂದು ರೋಗದ ಕಡ್ಡಿ.

“ಗಾಳಿಗಿ ಬಂದದ್ದಲ್ಲ, ಯಾರೋ ಕೈಲೆ ಸಿಗಿಸ್ಯಾರ” ಎಂದರು ಸುನಿತಾ. “ಹೊತ್ತಿಗಿ ನೋಡೀರಿ. ಇವತ್ತ ಔಷಧ ಹೊಡೀರಿ.”

ಇಬ್ಬರು ಪಂಚರೆದುರು ಕಡ್ಡಿಗಳನ್ನು ಎಣಿಸಿ, ಚೀಲಕ್ಕೆ ಹಾಕಿ, ಅರಗು ಒತ್ತಿದ್ದಾಯಿತು. ಒಂಬತ್ತನೇ ಗಿಡದ ಹತ್ತಿರ ಮಧುಮತಿ ನಿಂತುಬಿಟ್ಟರು. ಅಲ್ಲೊಂದು ಕೊಂಬೆ ಮುರಿದಿತ್ತು. ಮುರಿದ ತುದಿಯನ್ನು ಯಾರೋ ನುಣ್ಣಗೆ ಕೊಯ್ದು, ನೀಲಿ ಬಣ್ಣದ್ದೇನನ್ನೋ ಬಳಿದಿದ್ದರು. ಮುಟ್ಟಿದರೆ ಬೆರಳಿಗೆ ಹತ್ತಿತು.

“ಇದೇನು?”

“ಬೋರ್ಡೋ ಮುಲಾಮು. ಮೈಲುತುತ್ತ, ಸುಣ್ಣ ಕೂಡಿಸಿ ಮಾಡ್ತಾರ. ಗಿಡದ ಗಾಯದಾಗ ರೋಗ ಇಳೀಬಾರದಂತ ಹಚ್ಚೋದು” ಎಂದರು ಸುನಿತಾ.

“ನೀವು ಹಚ್ಚೀರೇನು?”

ಅನೀಲಕುಮಾರ ತಲೆಯಾಡಿಸಿದ. “ಇಲ್ಲರಿ. ನಮ್ಮ ತೋಟದಾಗ ಕತ್ತರಿ ಆಡಿಸಿ ನಾಕು ತಿಂಗಳಾತು.”

“ಜಡ್ಡು ಇಟ್ಟಾಂವನ ಮುಲಾಮು ಹಚ್ಚಿ ಹೋಗ್ಯಾನ? ಭಾರಿ ಕಳ್ಳ ಬಿಡ್ರಿ!” ಮಸೂದ ನಕ್ಕ. ಮಧುಮತಿ ನಗಲಿಲ್ಲ.

ಯಾರ ಮೇಲೆ ಅನುಮಾನ ಎಂದು ಕೇಳಿದಾಗ ಅನೀಲಕುಮಾರ ಕುರಿ ಕಾಯುವ ಮಾಳಿಂಗನ ಹೆಸರು ಹೇಳಿದ. ಹೋದ ವಾರ ಕುರಿ ಬೇಲಿ ನುಗ್ಗಿದ್ದಕ್ಕೆ ಇಬ್ಬರಿಗೂ ಬೈದಾಟವಾಗಿತ್ತು. ಮಧ್ಯಾಹ್ನ 2.15ಕ್ಕೆ ಹಳ್ಳದ ದಂಡೆಯಲ್ಲಿ ಮಾಳಿಂಗ ಸಿಕ್ಕ.

“ಲೇ ಮಾಳಿಂಗ, ಮುಂಜಾನಿ ಅನೀಲನ ತೋಟದಾಗ ಹೊಕ್ಕು, ಕೊಂಬಿ ಮುರದು ಮುಲಾಮು ಹಚ್ಚಿ ಬಂದೀಯೇನು?” ಮಸೂದ ಗದರಿದ.

“ಸಾಹೇಬ್ರ, ನನ್ನ ಕೈಯಾಗ ಕೊಂಬಿ ಮುರದ್ರ ಕುರಿಗಿ ಹಾಕ್ತೇನಿ. ಅದಕ್ಕ ಮುಲಾಮು ಯಾಕ ಹಚ್ಚಲಿ? ನನ್ನ ಕಾಲೊಡದು ಆರು ತಿಂಗಳಾತು, ಅದಕ್ಕ ಹಚ್ಚಿಲ್ಲ.”

“ಮತ್ತ ಯಾರನ್ನರ ನೋಡಿದಿ?”

ಮಾಳಿಂಗ ಕೋಲಿನಿಂದ ಹಳ್ಳದ ಆಚೆ ತೋರಿಸಿದ. “ದೌಲತ ಕಾಕಾನ್ನ ನೋಡ್ದೆರಿ. ಬೆಳಕು ಹರಿಯೂದ್ರಾಗ ಬರಿಗೈಲೆ ಹಳ್ಳ ದಾಟಿ ತನ್ನ ತೋಟಕ್ಕ ಹೋದ. ತಾಸಿನ ಮ್ಯಾಲ ಬಕೀಟ ಹಿಡಕೊಂಡು ಮತ್ತ ಇತ್ತಾಗ ಬಂದ. ಮಾತಾಡಿಸಿದೆ, ಮಾತಾಡಲಿಲ್ಲ.”

ಪೊಲೀಸರು ತೋಟಕ್ಕೆ ಮರಳಿ ಬಂದು ಹೇಳಿದ ಹೆಸರು ಕೇಳಿ ಅನೀಲಕುಮಾರ ಬದುವಿನ ಮೇಲೆ ಕೂತ. “ದೌಲತ ಕಾಕಾ? ದಾಳಿಂಬ್ರಿ ಹಚ್ಚೂದು ನನಗ ಕಲಿಸಿದಾಂವನ ಅಂವರಿ.”

“ಈಗ ಹೋಗಿಬರೂದು ಅದೇನು?” ಮಧುಮತಿ ಕೇಳಿದರು.

“ಹ್ವಾದ ವರ್ಷ ಮಳಿಗಾಲದಾಗ ಅವನ ತೋಟಕ್ಕ ತೇಲ್ಯಾ ಬಂತು. ಬರಬ್ಯಾಡ ಕಾಕಾ ಅಂದೆ. ಅರಿಬ್ಯಾಗ, ಚಪ್ಪಲ್ಯಾಗ ಹತ್ತಿ ಜಡ್ಡು ಬರ್ತದಂತ. ಮೇಡಂ ಅವ್ರ ಮೆಸೇಜಿನಾಗೂ ಹಂಗ ಹೇಳ್ತಾರ.”

“ಹೌದ್ರಿ, ಹೇಳ್ತೇನಿ” ಎಂದರು ಸುನಿತಾ. “ಹೇಳಬೇಕಾದ್ದ ಅದು.”

ಸಂಜೆ 4.30. ದೌಲತರಾಯನ ತೋಟದಲ್ಲಿ ಗಿಡಗಳನ್ನು ಮೊಣಕಾಲೆತ್ತರಕ್ಕೆ ಸವರಲಾಗಿತ್ತು. ಸವರಿದ ಪ್ರತಿ ತುದಿಯೂ ನೀಲಿ. ಜೀಪು ಕಂಡು ಅರವತ್ತರ ಹತ್ತಿರದ ಅವನು ದೂರದಿಂದಲೇ ಕೈ ಬೀಸಿದ. “ಒಳಗ ಬರಬ್ಯಾಡ್ರಿ, ನಿಮ್ಮ ಬೂಟಿಗಿ ಹತ್ತತದ!”

ಇವರು ನಿಲ್ಲದೆ ಬಂದದ್ದು ನೋಡಿ ಓಡಿಹೋಗಿ ಹೊರಸು ಎಳೆದು ತಂದ. ಶೆಡ್ಡಿನ ಬಾಗಿಲಲ್ಲಿ ಬಕೆಟ್ಟು, ಅದರಲ್ಲಿ ಅರ್ಧ ಮುಲಾಮು.

“ಮುಲಾಮು ಯಾವಾಗ ಮಾಡಿದ್ದು?” ಮಧುಮತಿ ಕೇಳಿದರು.

“ಇವತ್ತ. ಹಳೇದು ನಡೆಯಂಗಿಲ್ರಿ.”

“ಮುಂಜಾನಿ ಅನೀಲಕುಮಾರನ ತೋಟಕ್ಕ ಹೋಗಿದ್ರಿ?”

“ಹೌದ್ರಿ.”

“ಎಷ್ಟು ಸಲ?”

“ಎರಡು. ಮೊದಲ ಸಲ ಕಡ್ಡಿ ಸಿಗಿಸಾಕ.” ಅವನು ಅಡಗಿಸುವ ಗೊಡವೆಗೇ ಹೋಗಲಿಲ್ಲ. “ಸಿಗಿಸೂ ಮುಂದ ಒಂದು ಕೊಂಬಿ ಮುರೀತರಿ, ಕಾಯಿ ಹಿಡಿದ ಕೊಂಬಿ. ಇಲ್ಲಿ ಶೆಡ್ಡಿಗಿ ಬಂದೆ, ಚಹಾಕ್ಕ ಇಟ್ಟೆ, ಕುಡಿಯಾಕ ಆಗಲಿಲ್ಲ. ಗಾಯ ತೆರದದಲ ಅಂತ ಅದ ತಲ್ಯಾಗ. ಮತ್ತ ಹೋಗಿ ಹಚ್ಚಿ ಬಂದೆ.”

“ಕಡ್ಡಿ ತೆಗೀಬೇಕಂತ ಅನಿಸಲಿಲ್ಲೇನು?”

ದೌಲತರಾಯ ಅಂಗೈಯ ನೀಲಿಯನ್ನು ಉಗುರಿನಿಂದ ಕೆರೆಯತೊಡಗಿದ. “ಅಂವ ದಿನಾ ಮಧ್ಯಾಹ್ನ ಇಲ್ಲೇ ಬುತ್ತಿ ಬಿಚ್ಚತಿದ್ದರಿ. ಒಂದು ವರ್ಷ ಆತು. ಅಂವ ಅಷ್ಟ ಅಲ್ಲ, ಯಾರೂ ಬರಂಗಿಲ್ಲ. ಪ್ಯಾಟ್ಯಾಗ ನಿಂತ್ರ ತೋಟದವ್ರು ದೂರ ಸರೀತಾರ. ತಪ್ಪು ಅವರದಲ್ಲ, ನಾನಾದ್ರೂ ಹಂಗ ಮಾಡ್ತಿದ್ದೆ. ಅವನ ತೋಟಕ್ಕೂ ಬಂತಂದ್ರ, ನಾವಿಬ್ಬರೂ ಸರೀಕ ಆಗ್ತಿದ್ದಿವಿ. ಬರಬ್ಯಾಡ ಅನ್ನಾಕ ಏನೂ ಉಳೀತಿದ್ದಿಲ್ಲಲ್ರಿ.”

ಬಕೆಟ್ಟು, ಕತ್ತರಿ ಜಪ್ತಿಯಾದವು. 6.10ಕ್ಕೆ ಬಂಧನದ ಕಾಗದಕ್ಕೆ ದೌಲತರಾಯ ಸಹಿ ಹಾಕಿದ. ಉದ್ದೇಶ ಎಂಬಲ್ಲಿ ಮಧುಮತಿ ‘ಹಳೆ ದ್ವೇಷ’ ಎಂದು ಬರೆದರು, ಹೊಡೆದು ಹಾಕಿದರು. ಬಹಳ ಹೊತ್ತಿನ ಮೇಲೆ ‘ಆರೋಪಿಯ ತೋಟಕ್ಕೆ ಒಂದು ವರ್ಷದಿಂದ ಯಾರೂ ಹೋಗಿರುವುದಿಲ್ಲ’ ಎಂದಷ್ಟೇ ಬರೆದರು.

ಶುಕ್ರವಾರ ನ್ಯಾಯಾಲಯ ಜಾಮೀನು ಕೊಟ್ಟಿತು. ಪ್ರತಿ ಸೋಮವಾರ ಠಾಣೆಗೆ ಬಂದು ಸಹಿ ಮಾಡಬೇಕು ಎಂಬ ಷರತ್ತು. ಮೊದಲ ಸೋಮವಾರ ದೌಲತರಾಯ ಬಂದ, ಸಹಿ ಮಾಡಿದ, ಮಸೂದ ತರಿಸಿದ ಚಹಾ ಕುಡಿದ. ಮಳೆಯ ಮಾತು, ಥ್ರಿಪ್ಸ್ ಹುಳದ ಮಾತು ಒಂದು ತಾಸು ನಡೆಯಿತು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತ.

“ವಾರಕ್ಕ ಒಂದ ಸಲ ಏನ್ರಿ ಬರಬೇಕಾದ್ದು?”

“ಒಂದ ಸಲ ಸಾಕು ಕಾಕಾ. ಸುಮ್ಮಸುಮ್ಮನ ಯಾಕ ಅಡ್ಡಾಡ್ತಿ?” ಎಂದ ಮಸೂದ.

ಬುಧವಾರ ಬೆಳಿಗ್ಗೆ ಠಾಣೆಯ ಕಸ ಹೊಡೆಯುವ ಹೊತ್ತಿಗೆ ದೌಲತರಾಯ ಬಂದು, ಚಪ್ಪಲಿಯನ್ನು ಗೇಟಿನ ಹೊರಗೇ ಕಳಚಿ, ಬೆಂಚಿನ ತುದಿಯಲ್ಲಿ ಕೂತಿದ್ದ.