ಒಂದು ಗೇಣು ಹಗ್ಗ

ಪರದೆಯ ಮೇಲೆ ಸಾಯಬಣ್ಣನ ಬೆನ್ನುಮೂಳೆ ಕೆಂಪಗೆ ಉರಿಯುತ್ತಿತ್ತು. ಅವನ ಮುಂದೆ ನಡೆಯುತ್ತಿದ್ದ ಮರೆಪ್ಪನ ಬೆನ್ನು ಮಾತ್ರ ಹಸಿರಾಗಿತ್ತು.

೨೦೬೧ರಲ್ಲೂ ಚಿತ್ತಾಪುರದ ಹತ್ತಿರದ ಆ ಕಲ್ಲುಗಣಿಯ ಕಡಿದಾದ ಮೆಟ್ಟಿಲುಗಳನ್ನು ಯಾವ ಯಂತ್ರವೂ ಹತ್ತುತ್ತಿರಲಿಲ್ಲ. ಹಾಸುಗಲ್ಲನ್ನು ಹಗ್ಗದಿಂದ ಬೊಂಬಿಗೆ ನೇತುಹಾಕಿ, ಇಬ್ಬರು ಹಿಂದೆ ಮುಂದೆ ಹೆಗಲು ಕೊಟ್ಟು ಮೇಲಕ್ಕೆ ತರಬೇಕಿತ್ತು. ಅವರ ನೋವು ತಗ್ಗಿಸಲೆಂದೇ ಡಾಕ್ಟರ್ ನಳಿನಾಕ್ಷಿ ‘ಕೀಲುಗನ್ನಡಿ’ಯನ್ನು ರೂಪಿಸಿದ್ದರು. ತೆಳ್ಳನೆಯ ಅಂಗಿ ಅದು. ಒಂದೊಂದು ಕೀಲೂ ಹೊರುವ ಭಾರವನ್ನು ಅಳೆದು ಪರದೆಗೆ ಕಳುಹಿಸುತ್ತಿತ್ತು. ಮೈ ತಪ್ಪಾಗಿ ಬಾಗಿದರೆ ಸಣ್ಣಗೆ ಚುಚ್ಚಿ ಎಚ್ಚರಿಸುತ್ತಿತ್ತು. ತಿಂಗಳೊಳಗೆ ಎಲ್ಲರ ನೋವೂ ಇಳಿಯಿತು, ಸಾಯಬಣ್ಣನದೊಂದನ್ನು ಬಿಟ್ಟು.

"ನಿಮ್ಮ ನಿಲುವು, ಹೆಜ್ಜೆ ಎಲ್ಲವೂ ಸರಿಯಿದೆ. ಆದರೂ ನೂರಕ್ಕೆ ಎಪ್ಪತ್ತು ಪಾಲು ಭಾರ ನಿಮ್ಮ ಮೇಲೇ ಬೀಳುತ್ತಿದೆ. ಯಾಕೆ?" ಎಂದು ಆಕೆ ಕೇಳಿದರು.

"ನಿಮ್ಮ ಮಷೀನು ಸುಳ್ಳು ಹೇಳ್ತದ್ರಿ," ಎಂದು ಸಾಯಬಣ್ಣ ಮುಖ ತಿರುಗಿಸಿದ.

ಆಕೆ ಗಣಿಯೊಳಗೆ ಇಳಿದು ನೋಡಿದರು. ಹಗ್ಗ ಬೊಂಬಿನ ನಡುವೆ ಇರಲಿಲ್ಲ. ಒಂದು ಗೇಣು ಹಿಂದಕ್ಕೆ ಸರಿದಿತ್ತು.

"ಹಗ್ಗ ಯಾರ ಹೆಗಲಿಗೆ ಹತ್ತಿರವೋ ಹೆಚ್ಚು ಭಾರ ಅವರಿಗೇ. ಇದನ್ನು ಸರಿಸಿದ್ದು ನೀವೇ ತಾನೆ?"

ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ಮರೆಪ್ಪ ಗರ್ರನೆ ತಿರುಗಿದ. ಅಕ್ಕಪಕ್ಕದ ಮನೆಯವರಾದ ಅವರಿಬ್ಬರೂ ನಡುಗೋಡೆಯ ಜಗಳದಿಂದಾಗಿ ಎರಡು ವರ್ಷದಿಂದ ಮಾತು ಬಿಟ್ಟಿದ್ದರು.

"ಯಾವಾಗಿಂದ ಮಾಡ್ಲಕತ್ತಿದಿ?"

"ನಿನ್ನ ಮೊಣಕಾಲ ಮ್ಯಾಲ ಕಲ್ಲು ಬಿದ್ದಾಗಿಂದ."

"ಐದು ವರ್ಷ! ನಾ ಏನು ಕುಂಟ ಏನಲೇ? ಜಗಳ ಆದ ಮ್ಯಾಲೂ ನಿನ್ನ ಭಿಕ್ಷಾದಾಗ ಬದುಕೀನಿ ಅಂದಂಗಾಯ್ತು!"

"ಜಗಳ ಗ್ವಾಡಿ ಸಲುವಾಗಿ ಆಗ್ಯಾದ, ಮೊಣಕಾಲ ಸಲುವಾಗಿ ಅಲ್ಲ."

ಮರೆಪ್ಪ ಬೊಂಬನ್ನು ಒದ್ದು ಹೊರಟುಹೋದ. ಸಾಯಬಣ್ಣ ನಳಿನಾಕ್ಷಿಯವರನ್ನು ದಿಟ್ಟಿಸಿದ. "ನೋವು ನಂದಿತ್ತು. ಎಲ್ಲರ ಮುಂದ ಹೇಳಂತ ನಿಮಗ ಯಾರು ಅಂದ್ರು?"



ಮರುದಿನ ಮರೆಪ್ಪ ಎಲ್ಲರಿಗಿಂತ ಮೊದಲು ಬಂದು, ಹಗ್ಗವನ್ನು ತನ್ನತ್ತ ಸರಿಸಿ, ಬೊಂಬಿನ ಹಿಂದಿನ ತುದಿ ಹಿಡಿದ. ಅರ್ಧದಷ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ಪರದೆಯಲ್ಲಿ ಅವನ ಮೊಣಕಾಲು ಕೆಂಪಾಯಿತು. ಮುಂದಿದ್ದ ಸಾಯಬಣ್ಣ ಹೆಗಲು ಹಗುರವೆನಿಸಿ ಥಟ್ಟನೆ ನಿಂತ.

"ಹಗ್ಗ ಮುಂದ ಬಿಡಲೇ!"

"ಬಿಡಂಗಿಲ್ಲ. ಇನ್ನ ಐದು ವರ್ಷ ನಾನೇ ಹೊರಾಂವ."

ಸಾಯಬಣ್ಣ ಕೈ ಹಿಂದೆ ಚಾಚಿ ಹಗ್ಗ ಎಳೆದ. ಮರೆಪ್ಪ ತನ್ನತ್ತ ಜಗ್ಗಿದ. ಕಲ್ಲು ತೂಗಾಡಿತು, ಇಬ್ಬರ ಬೆನ್ನೂ ಕೆಂಪಾಯಿತು. ನಳಿನಾಕ್ಷಿ ತಂತಿ ಹಿಡಿದು ಓಡಿಬಂದು, ಕಲ್ಲನ್ನು ಇಳಿಸುವಂತೆ ಕೂಗಿ, ಹಗ್ಗವನ್ನು ಬೊಂಬಿನ ನಟ್ಟನಡುವೆ ಆ ತಂತಿಯಿಂದ ಬಿಗಿಯತೊಡಗಿದರು.

"ಅರ್ಧ ಅರ್ಧ! ಇನ್ನು ಯಾರೂ ಇದನ್ನು ಮುಟ್ಟಬೇಡಿ!"

ಮರೆಪ್ಪ ತಂತಿ ಕಿತ್ತೆಸೆದ. "ಇದು ನಮ್ಮಿಬ್ಬರ ಜಗಳ. ನೀವು ನಡುವ ಬರಬ್ಯಾಡ್ರಿ."

"ಹೂಂ, ಬರಬ್ಯಾಡ್ರಿ," ಎಂದು ಸಾಯಬಣ್ಣನೂ ಅಂಗಿ ಕಳಚಿ ಆಕೆಯ ಕೈಗೆ ತುರುಕಿದ. ಮರೆಪ್ಪನೂ ತನ್ನದನ್ನು ಕಳಚಿ ಕೊಟ್ಟ.

ಪರದೆ ಬರಿದಾಯಿತು. ಇಬ್ಬರೂ ಬೊಂಬು ಹೆಗಲಿಗೇರಿಸಿ, ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯುತ್ತ ಮೆಟ್ಟಿಲು ಹತ್ತಿದರು. ಹಗ್ಗ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸರಿಯುತ್ತಲೇ ಇತ್ತು.