ಮರುಳಸಿದ್ದಯ್ಯನವರ ಎದೆಯ ಗಾಯ

ಕೊಡಿಗೇನಹಳ್ಳಿಯಿಂದ ಮಧುಗಿರಿಗೆ ಬಂದ ಲೋಹಿತಾ, ಕರಿಬಸಮ್ಮನವರ ಮುಂದೆ ಕೂತು ಅತ್ತಳು. ಹೃದಯದ ಆಪರೇಷನ್ ಆಗಿ ಮನೆಗೆ ಬಂದಿದ್ದ ಮಾವ ಮರುಳಸಿದ್ದಯ್ಯನವರ ಎದೆಯ ಗಾಯದಲ್ಲಿ ಕೀವು ಕಾಣಿಸಿತ್ತು. ಸೋಂಕು ಮೂಳೆಗಿಳಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಮಾತ್ರೆ ಬರೆದಿದ್ದರು. ದಿನಾ ಪಟ್ಟಿ ಕಟ್ಟುತ್ತಿದ್ದವಳು ಲೋಹಿತಾ. ಅವಳ ಕೈಯೇ ಕೊಳಕೆಂದ ಅತ್ತೆ ಚನ್ನಮಲ್ಲಮ್ಮ, ಬಂದು ಮಗಳನ್ನು ಕರೆದೊಯ್ಯಿರೆಂದು ಶಿರಾದ ಅವಳ ತವರಿಗೆ ಫೋನ್ ಮಾಡಿಬಿಟ್ಟಿದ್ದರು.

ಕರಿಬಸಮ್ಮ, ಕಷ್ಟ ಹೇಳಿಕೊಂಡು ಬಂದವರಿಗೆ ದಾರಿ ಹುಡುಕಿಕೊಡುತ್ತಿದ್ದ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ಮರುದಿನ ಬೆಳಿಗ್ಗೆ ನೆರೆಮನೆಯ ನರ್ಸ್ ಆಶಾರಾಣಿಯನ್ನು ಜೊತೆಗೆ ಕರೆದುಕೊಂಡು ಕೊಡಿಗೇನಹಳ್ಳಿಗೆ ಹೊರಟರು. ತಾನು ಏನಾದರೂ ತಪ್ಪು ಹೇಳಿ ಆ ಹುಡುಗಿಯ ಬಾಳು ಕೆಟ್ಟರೆ ಎಂದು ದಾರಿಯುದ್ದಕ್ಕೂ ಆಶಾರಾಣಿಗೆ ದಿಗಿಲು.

ಲೋಹಿತಾ ಸೋಪಿನಿಂದ ಕೈ ತೊಳೆದು ಒಣ ಪಟ್ಟಿ ಕಟ್ಟಿದ ರೀತಿಯಲ್ಲಿ ಕುಂದಿರಲಿಲ್ಲ. ಪಟ್ಟಿ ಕಟ್ಟುವ ಮುನ್ನ ಆಶಾರಾಣಿ ಆ ಎದೆಯನ್ನೇ ನೋಡುತ್ತ ನಿಂತಿದ್ದಳು. ಮೂಳೆ ಸೀಳಿ, ಗುಂಡಿಗೆ ಸರಿಮಾಡಿ, ಮತ್ತೆ ಹೊಲಿದಿದ್ದಾರೆ. ಒಳಗೆ ಅದು ಬಡಿಯುತ್ತಲೇ ಇದೆ! ಅವಳಿಗೆ ಮೈ ಜುಮ್ಮೆಂದಿತು. ಹೊಲಿಗೆ ಉದ್ದಕ್ಕೂ ಒಣಗಿತ್ತು. ನಡುವೆ ಮಾತ್ರ ದುಂಡಗೆ ಕೆಂಪು.

ಮರುಳಸಿದ್ದಯ್ಯ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕೂತರು. ಮುಗಿಸಿ ಅಂಗಿ ತೊಟ್ಟು ಬಂದವರನ್ನು ಕರಿಬಸಮ್ಮ ಕಾಫಿ ಕುಡಿಯುತ್ತ ಮಾತಿಗೆಳೆದರು. ಆಸ್ಪತ್ರೆಯಲ್ಲಿ ಗಾಯ ಚೆನ್ನಾಗೇ ಇತ್ತಂತೆ. ಎದೆಯ ಮೇಲಿರಬೇಕಾದ ಇಷ್ಟಲಿಂಗವನ್ನು ಅಲ್ಲಿ ತೋಳಿಗೆ ಕಟ್ಟಿದ್ದರೆಂಬುದೊಂದೇ ಯಜಮಾನರ ಕೊರಗು.

ಕರಿಬಸಮ್ಮ ಎಲ್ಲರನ್ನೂ ನಡುಮನೆಗೆ ಕರೆದು, ಪಟ್ಟಿ ಬಿಚ್ಚಿಸಿದರು. ಈಗಷ್ಟೇ ಕಟ್ಟಿದ್ದ ಪಟ್ಟಿ ನಡುವೆ ತೇವವಾಗಿತ್ತು.

"ಅವಳ ಕೈ ಬುಟ್ರೆ ಇನ್ಯಾರ ಕೈ ಸೋಕ್ತದೆ ಕಣಮ್ಮ?" ಎಂದರು ಚನ್ನಮಲ್ಲಮ್ಮ.

"ಕೈಯಲ್ಲ," ಎಂದರು ಕರಿಬಸಮ್ಮ. "ಗಾಯ ಉದ್ದ, ಕೆಂಪು ದುಂಡು. ಲಿಂಗದ ಗಂಟು ಕೂರೋ ಜಾಗ ಅದು. ದಿನಾ ನೀರೆರೆದು, ಒದ್ದೆ ವಸ್ತ್ರದಲ್ಲೇ ಸುತ್ತಿ ಎದೆ ಮೇಲೆ ಬಿಡ್ತಾರೆ. ಆ ತೇವ ಪಟ್ಟಿಗಿಳೀತದೆ. ಡಾಕ್ಟರು ಗಾಯ ನೋಡುವಾಗ ಲಿಂಗ ತೆಗೆದು ಅಂಗೈಲಿ ಹಿಡ್ಕಂಡಿರ್ತಾರೆ, ಅವರಿಗೆ ಹೆಂಗೆ ಗೊತ್ತಾಗ್ಬೇಕು?"

ಆಶಾರಾಣಿ ಬೆರಗಾದಳು. ಎದುರಿಗಿದ್ದದ್ದು ತನಗೆ ಕಂಡೇ ಇರಲಿಲ್ಲ.

"ಅಂಗಾದ್ರೆ ನನ್ನ ಶಿವನೇ ಕೀವು ತಂದ್ನಾ?" ಮರುಳಸಿದ್ದಯ್ಯ ಲಿಂಗದ ಗಂಟನ್ನು ಹಿಡಿದುಕೊಂಡು ಕೇಳಿದರು.

"ಶಿವನ ಮಾತಲ್ಲ ಯಜಮಾನ್ರೇ, ಒದ್ದೆ ಬಟ್ಟೆ ಮಾತು. ವಾಸಿಯಾಗೋಗಂಟ ಒಣ ವಸ್ತ್ರದಲ್ಲಿ ತೋಳಿಗೆ ಕಟ್ಕಳಿ. ತೋಳೂ ನಿಮ್ಮ ಅಂಗವೇ ಅಲ್ವಾ? ಇವತ್ತೇ ಆಸ್ಪತ್ರೆಗೆ ಹೋಗಿ ಇದನ್ನೂ ಹೇಳಿ."

ಮರುಳಸಿದ್ದಯ್ಯ ಲಿಂಗವನ್ನು ಕಣ್ಣಿಗೊತ್ತಿಕೊಂಡು ತೋಳಿಗೆ ಕಟ್ಟಿಸಿಕೊಂಡರು. ಹೊಸ ಪಟ್ಟಿ ಕಟ್ಟಬೇಕಿತ್ತು. ಲೋಹಿತಾ ಬಾಗಿಲಲ್ಲೇ ನಿಂತಿದ್ದಳು. ಚನ್ನಮಲ್ಲಮ್ಮ ಚೊಂಬಿನಲ್ಲಿ ನೀರು ತಂದು, ಸೊಸೆಯ ಕೈ ಮೇಲೆ ನಿಧಾನವಾಗಿ ಸುರಿಯತೊಡಗಿದರು.